ಖಾಲಿ ತೊಟ್ಟಿಲು ತೂಗಬಾರದು

ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಅಂಚಿಗೆ ರಂದಾ ಹೊಡೆಸಿ ಕೆತ್ತಿಸಲು ಓಡಿ ಬರುವವರನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಕಟ್ಟಿಗೆ ನೀರು ಕುಡಿದು ಉಬ್ಬಿದೆ, ನಾಲ್ಕು ಬಿಸಿಲು ಬೀಳಲಿ, ತಾನೇ ಇಳಿಯುತ್ತದೆ ಅಂದರೆ ಕೇಳುವುದಿಲ್ಲ. ಶ್ರಾವಣದಲ್ಲಿ ಹಟ ಹಿಡಿದು ಕೆತ್ತಿಸಿಕೊಳ್ಳುತ್ತಾರೆ, ಬೇಸಿಗೆ ಬಂದ ಮೇಲೆ ಸಂದಿಯಲ್ಲಿ ಬೆಕ್ಕು ನುಗ್ಗುತ್ತದೆ ಅಂತ ನನ್ನನ್ನೇ ಬೈಯುತ್ತಾರೆ. ಇನ್ನು ಕೆಲವರು ಬಾಗಿಲು ಕೂಡಿಸಿದ ಬಿಜಾಗ್ರಿ ಕಿರ್ ಅಂದಿತೆಂದು ಅಡಿಗೆಯ ಕುಸುಬಿ ಎಣ್ಣೆಯನ್ನೇ ಸುರಿಯುತ್ತಾರೆ. ಎರಡು ದಿನ ಸುಮ್ಮನಿರುತ್ತದೆ, ಮೂರನೆಯ ದಿನ ಓಣಿಯ ಧೂಳೆಲ್ಲ ಅಲ್ಲೇ ಅಂಟಿ ಮೊದಲಿಗಿಂತ ಜೋರಾಗಿ ಕಿರುಚುತ್ತದೆ. ಅಲುಗಾಡುವ ಸ್ಟೂಲಿನ ಒಂದು ಕಾಲು ಕೊಯ್ದು, ಅದು ಗಿಡ್ಡಾಯಿತೆಂದು ಇನ್ನೊಂದು ಕೊಯ್ದು, ಕಡೆಗೆ ಸ್ಟೂಲನ್ನು ಮಣೆ ಮಾಡಿಕೊಂಡು ಕೂತವರನ್ನೂ ನಾನು ಇದೇ ಹುನಗುಂದದಲ್ಲಿ ಕಣ್ಣಾರೆ ಕಂಡಿದ್ದೇನೆ.

ನಾನು ರಾಜಮಹ್ಮದ, ಬಡಿಗ. ನಮ್ಮ ಅಪ್ಪ ಮಲೀಕಸಾಬನೂ ಬಡಿಗನೇ. ಅವನ ಕಾಲದಲ್ಲಿ ಹೊಸ ಬಾಗಿಲು, ಹೊಸ ಮಂಚ, ಹೊಸ ಕಪಾಟು. ನನ್ನ ಕಾಲಕ್ಕೆ ಎಲ್ಲವೂ ಪ್ಲೈವುಡ್ಡಿನವು, ಎಲ್ಲವೂ ಅಂಗಡಿಯಿಂದಲೇ ಸಿದ್ಧವಾಗಿ ಬರುತ್ತವೆ. ಹಾಗಾಗಿ ನನ್ನದೀಗ ರಿಪೇರಿ ಕೆಲಸ. ಸಿಟ್ಟು ಜಾಸ್ತಿ ಅಂತಾರೆ, ಖರೆ. ಹೇಳಿದ ದಿನ ಬರುವುದಿಲ್ಲ ಅಂತಾರೆ, ಅದೂ ಖರೆ. ಯಾರು ಕರೆದರೂ "ನಾಳೆ ಬರ್ತೇನ್ರಿ" ಅನ್ನುವುದು ಬಾಯಿಗೆ ರೂಢಿಯಾಗಿಬಿಟ್ಟಿದೆ. ಓಣಿಯವರು ಹಿಂದಿನಿಂದ ನನಗೆ 'ನಾಳೆ ಬಡಿಗ್ಯಾ' ಅನ್ನುತ್ತಾರೆ. ಹೆಂಡತಿ ಮೆಹರುನ್ನಿಸಾ ಮುಂದಿನಿಂದಲೇ ಅನ್ನುತ್ತಾಳೆ. ಅವಳ ಅಡಿಗೆ ಮನೆಯ ಬಾಗಿಲು ನಾಲ್ಕು ವರ್ಷದಿಂದ ನೆಲಕ್ಕೆ ಉಜ್ಜುತ್ತಿದೆ, ಅವಳ ಸಿಟ್ಟಿಗೂ ಕಾರಣವಿದೆ.

ಅಂದು ಗುರುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಫೋನು ಬಂತು. ಹೆಸರು ನೋಡಿದವನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ರಂಗಕ್ಕ.

"ರಾಜಮಹ್ಮದ, ಭಾಗ್ಯಾ ಹಡದಾಳ. ಹೆಣ್ಣ ಕೂಸು. ಸ್ವಾಮಾರ ತೊಟ್ಟಲಕ್ಕ ಹಾಕೂದೈತಿ. ತೊಟ್ಟಲಾ ಅಟ್ಟದಿಂದ ಇಳಿಸೇವಿ, ಭಾಳ ಅಲಗ್ಯಾಡಾಕತ್ತೈತಿ. ಬಂದ ನೋಡ್ತೀಯೇನು?"

"ಈಗ ಬರ್ತೇನಿ ಯಕ್ಕಾ," ಅಂದೆ. ಎದುರಿಗೆ ಕೂತಿದ್ದ ಮೆಹರುನ್ನಿಸಾ ಸಾರಿನ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು.

"ಈಗ? ನಿಮ್ಮ ಬಾಯಾಗ 'ಈಗ' ಅನ್ನೂ ಮಾತೂ ಬರತೈತೇನ್ರಿ?"

ಅವಳಿಗೆ ಗೊತ್ತಿತ್ತು. ರಂಗಕ್ಕ ನನ್ನನ್ನು ಕರೆದು ಹನ್ನೊಂದು ವರ್ಷವಾಗಿತ್ತು.

ರಂಗಕ್ಕನ ಮನೆ ನಮ್ಮಿಂದ ಮೂರು ಓಣಿ ಆಚೆ. ಕುರಿ, ಹೊಲ, ದೇವರ ಕೋಣೆಯಲ್ಲಿ ಬೀರಪ್ಪ ಇರುವ ಹಳೆಯ ಮನೆ. ಗಂಡ ತೀರಿಕೊಂಡ ಮೇಲೆ ಎಲ್ಲವನ್ನೂ ಅವಳೇ ಹಿಡಿದು ನಡೆಸಿದ್ದಾಳೆ. ಅಪ್ಪನ ಕಾಲದಿಂದಲೂ ಆ ಮನೆಯ ಕಟ್ಟಿಗೆ ಕೆಲಸವೆಲ್ಲ ನಮ್ಮದೇ. ಆ ತೊಟ್ಟಿಲು ಮಾಡಿದವನೂ ನಮ್ಮ ಅಪ್ಪನೇ, ಸಾಗವಾನಿಯದು, ರಂಗಕ್ಕನ ಮಗಳು ಭಾಗ್ಯಾ ಹುಟ್ಟಿದಾಗ. ಅದಕ್ಕೆ ತೂಗುಹಾಕುವ ಕಟ್ಟಿಗೆಯ ಗಿಳಿಗಳಲ್ಲಿ ಒಂದನ್ನು ನಾನು ಕೆತ್ತಿದ್ದೆ. ಕೊಕ್ಕು ಸೊಟ್ಟ ಬಂದಿತ್ತು. ಅಪ್ಪ ಒಗೆಯಲು ಹೋದರೆ ರಂಗಕ್ಕನೇ ಕಸಿದುಕೊಂಡು ಕಟ್ಟಿಸಿದ್ದಳು.

ಹನ್ನೊಂದು ವರ್ಷದ ಹಿಂದೆ ಭಾಗ್ಯಾ ಮೊದಲ ಸಲ ಬಸುರಿ. ಐದು ತಿಂಗಳು. ರಂಗಕ್ಕನ ಖುಷಿಗೆ ಮೇರೆ ಇರಲಿಲ್ಲ. ನಮ್ಮ ಕಡೆ ಕೂಸು ಹುಟ್ಟುವ ಮೊದಲು ಅದಕ್ಕೆ ಒಂದು ಅರಿವೆಯನ್ನೂ ತರುವುದಿಲ್ಲ, ತೊಟ್ಟಿಲು ಮುಟ್ಟುವ ಮಾತಂತೂ ದೂರ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಅವಳು ಕರೆದಳು, ನಾನು ಹೋದೆ. ಕೀಲು ಬಿಗಿ ಮಾಡಿ, ತೊಲೆಗೆ ತೂಗುಹಾಕಿ, "ನೋಡ ಯಕ್ಕಾ, ಒಂದರೆ ಸಪ್ಪಳ ಬರತೈತೇನು?" ಅಂತ ಅವಳ ಮುಂದೆಯೇ ಜೋರಾಗಿ ತೂಗಿ ತೋರಿಸಿದೆ. ಖಾಲಿ ತೊಟ್ಟಿಲನ್ನು! ಯಾವ ಬಡಿಗನೂ ಮಾಡದ ಕೆಲಸ. ಕೆಲಸ ಚೆಂದ ಆಗಿದೆಯೆಂಬ ಸೊಕ್ಕು, ಮತ್ತೇನು. ಹತ್ತು ದಿನಕ್ಕೆ ಭಾಗ್ಯಾನ ಗರ್ಭ ನಿಲ್ಲಲಿಲ್ಲ ಅಂತ ಸುದ್ದಿ ಬಂತು.

ಆಮೇಲೆ ಇನ್ನೊಂದು ಸಲವೂ ಹಾಗೇ ಆಯಿತು. ರಂಗಕ್ಕ ಒಂದು ಮಾತು ಆಡಲಿಲ್ಲ. ಬಜಾರದಲ್ಲಿ ಸಿಕ್ಕರೆ "ಆರಾಮ ಅದಿ?" ಅನ್ನುತ್ತಿದ್ದಳು, ನನ್ನ ಮುಖ ನೋಡದೆ ಮುಂದೆ ಹೋಗುತ್ತಿದ್ದಳು. ಮನೆಗೆ ಕರೆಯಲಿಲ್ಲ. ನನಗೂ ಹೋಗಲು ಕಾಲು ಏಳಲಿಲ್ಲ. ಬೈದಿದ್ದರೆ ತಿರುಗಿ ಬೈದು ಮುಗಿಸುತ್ತಿದ್ದೆ. ಬೈಯದೇ ಇದ್ದವರೊಡನೆ ಏನು ಮಾಡುವುದು? ಹನ್ನೊಂದು ವರ್ಷ ಅದೊಂದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಕೈಚೀಲ ಹಿಡಿದು ಹೋದವನಿಗೆ ಬಾಗಿಲಲ್ಲೇ ಸಿಟ್ಟು ಬಂತು. ತಲೆಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿದೆ. ಮೇಲಿನ ಬಿಜಾಗ್ರಿಯ ಸ್ಕ್ರೂಗಳು ಅರ್ಧ ಹೊರಬಂದು ನಾಲಿಗೆ ಚಾಚಿವೆ. ಒಳಗೆ ಬಂದರೆ ಸ್ಟೂಲಿನ ಕಾಲಡಿ ಇಟ್ಟಂಗಿಯ ಚೂರು. ಗೋಡೆಯ ಕಪಾಟಿನ ಖಾನೆ ಎಳೆದರೆ ಬರುವುದಿಲ್ಲ. ಹಿತ್ತಲ ಬಾಗಿಲು ಗಾಳಿಗೆ ಬಡಿಯದಿರಲೆಂದು ಸುತಳಿ ಕಟ್ಟಿದ್ದಾರೆ. ಯಾವ ದಡ್ಡ ಬಡಿಗನನ್ನು ಹಿಡಿದಿದ್ದಾಳೋ ಇವಳು, ಅಂದುಕೊಂಡೆ. ಸ್ಕ್ರೂ ಸಡಿಲಾದರೆ ತೂತಿನಲ್ಲಿ ಎರಡು ಬೆಂಕಿಕಡ್ಡಿಯನ್ನು ಫೆವಿಕಾಲ್ ಹಚ್ಚಿ ತುರುಕಿ ಮತ್ತೆ ತಿರುಗಿಸಬೇಕು. ಖಾನೆಯ ಅಂಚಿಗೆ ಮೇಣದಬತ್ತಿ ತಿಕ್ಕಬೇಕು. ಐದು ನಿಮಿಷದ ಕೆಲಸ! ಆದರೆ ಬಾಯಿ ಬಿಡಲಿಲ್ಲ. ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿರಲಿಲ್ಲ.

ತೊಟ್ಟಿಲು ಪಡಸಾಲೆಯ ನಡುವೆ ಕೂತಿತ್ತು. ಅಟ್ಟದ ಹೊಗೆಗೆ ಕಪ್ಪಾಗಿತ್ತು. ಒಳಕೋಣೆಯ ಬಾಗಿಲಲ್ಲಿ ಭಾಗ್ಯಾ, ತಲೆಗೆ ಅರಿವೆ ಕಟ್ಟಿಕೊಂಡು, ಮಡಿಲಲ್ಲಿ ಬಟ್ಟೆಯ ಗಂಟಿನಷ್ಟು ಕೂಸು.

"ಕಾಕಾ, ಗಟ್ಟಿ ಆಗತೈತೇನ್ರಿ?" ಅಂದಳು. "ನಮ್ಮತ್ತಿ ಕೆರೂರಿಂದ ಸ್ಟೀಲಿಂದ ಕಳಸ್ತೇನಿ ಅಂದ್ರು. ನಾನ ಬ್ಯಾಡಂದೆ. ನಾ ಮಲಗಿದ್ದ ತೊಟ್ಟಲದಾಗ ನನ್ನ ಮಗಳೂ ಮಲಗ್ಲಿ ಅಂತ ಆಸೆ ರೀ. ಆದರ ಅಷ್ಟ ಮಂದಿ ಮುಂದ ಏನರೆ ಆತಂದ್ರ..."

ಅವಳು ಮಾತು ಮುಗಿಸಲಿಲ್ಲ, ನನಗೆ ಅರ್ಥವಾಗದೆಯೂ ಇರಲಿಲ್ಲ. ಎರಡು ಸಲ ಕಳೆದುಕೊಂಡು ಪಡೆದ ಕೂಸು. ಹೆಸರಿಡುವ ದಿನ ತೊಟ್ಟಿಲು ಒಂದಿಷ್ಟು ವಾಲಿದರೂ ಸಾಕು, ಊರ ಹೆಂಗಸರು ಆ ಕೂಸಿನ ಮದುವೆಯವರೆಗೂ ಆಡಿಕೊಳ್ಳುತ್ತಾರೆ. ಭಾಗ್ಯಾನ ಎದೆ ಒಡೆದು ಹೋಗುತ್ತದೆ.

"ಗಟ್ಟಿ ಆಗ್ದ ಏನ್ ಮಾಡತೈತಿ? ಮಲೀಕಸಾಬ ಮಾಡಿದ ಮಾಲ ಇದು," ಅಂದೆ, ಸಿಡುಕಿನಿಂದಲೇ. ಹೆದರಿಕೆಯಾದಾಗಲೂ ನನಗೆ ಸಿಡುಕೇ ಬರುತ್ತದೆ.

ಕೀಲುಗಳೆಲ್ಲ ಒಣಗಿ ಸಡಿಲಾಗಿದ್ದವು. ಶುಕ್ರವಾರ ಎಲ್ಲವನ್ನೂ ಬಿಚ್ಚಿದೆ. ಹಳೆಯ ಸರೇಸಿನ ಅಂಟನ್ನು ಉಳಿಯಿಂದ ಕೆರೆದು ತೆಗೆದೆ. ಹಳೆಯದರ ಮೇಲೆ ಹೊಸದು ಬಳಿದರೆ ಹಿಡಿಯುವುದಿಲ್ಲ, ಬಹಳ ಮಂದಿ ತಪ್ಪುವುದು ಅಲ್ಲೇ. ಫೆವಿಕಾಲ್ ಹಚ್ಚಿ, ಕೂಡಿಸಿ, ಸುತ್ತಲೂ ಹಗ್ಗ ಕಟ್ಟಿ, ಹಗ್ಗದ ನಡುವೆ ಒಂದು ಕೋಲು ಸಿಕ್ಕಿಸಿ ತಿರುವಿ ತಿರುವಿ ಬಿಗಿ ಮಾಡಿದೆ. "ರವಿವಾರ ಮುಂಜಾನಿ ತನಕ ಯಾರೂ ಮುಟ್ಟಬ್ಯಾಡ್ರಿ," ಅಂತ ಬೆದರಿಸಿ ಬಂದೆ. ರಂಗಕ್ಕ ಚಹಾ ಕೊಟ್ಟಳು, ಮುಖ ನೋಡಲಿಲ್ಲ. ಶನಿವಾರ ಕೆಲಸವಿರಲಿಲ್ಲ, ಆದರೂ ಎರಡು ಸಲ ಹೋಗಿ ಹಗ್ಗ ಮುಟ್ಟಿ ನೋಡಿ ಬಂದೆ. ಮೊದಲ ಸಲ ಚಹಾ ಕುಡಿದೆ, ಎರಡನೆಯ ಸಲವೂ ಕುಡಿದೆ.

ರವಿವಾರ ಬೆಳಿಗ್ಗೆ ಹಗ್ಗ ಬಿಚ್ಚಿದೆ. ಕಲ್ಲಿನ ಹಾಗೆ ಕೂತಿತ್ತು ಕೀಲು. ಅಷ್ಟಕ್ಕೇ ಬಿಡಬೇಕಿತ್ತು, ಬಿಡುವ ಜಾತಿ ನನ್ನದಲ್ಲ. ಹಲಗೆಯ ಕೆಳಗೆ ತಲೆಕಡೆಗೆ ಒಂದು ದುಂಡನೆಯ ಅಡ್ಡಗೋಲು ಇದೆ, ಕೂಸಿನ ಭಾರವೆಲ್ಲ ಅದರ ಮೇಲೆಯೇ. ಅದನ್ನೊಮ್ಮೆ ಸುತ್ತಿಗೆಯಿಂದ ತಟ್ಟಿದೆ. ಠಣ್ ಅನ್ನಬೇಕಾದದ್ದು ಬದ್ ಅಂದಿತು. ಇನ್ನೊಮ್ಮೆ ತಟ್ಟಿದೆ, ನಡುವೆ ಮುರಿದು ಬಿತ್ತು. ಅದೊಂದೇ ಸಾಗವಾನಿಯದಲ್ಲ, ಒಳಗೆಲ್ಲ ಹುಳ ತಿಂದು ಹಿಟ್ಟು ಮಾಡಿತ್ತು. ಹೊರಗಿನ ಬಣ್ಣವಷ್ಟೇ ಅದನ್ನು ಹಿಡಿದು ನಿಲ್ಲಿಸಿತ್ತು.

ರಂಗಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಒಳಗಿನಿಂದ ಭಾಗ್ಯಾ, "ಏನಾತ ಯವ್ವಾ?" ಅಂದಳು.

"ಏನಿಲ್ಲ! ಹಳೇದ ತಗದೇನಿ, ಹೊಸಾದ ಹಾಕ್ತೇನಿ," ಅಂತ ನಾನೇ ಕೂಗಿದೆ. ಕೂಗಿದ್ದೇನೋ ಆಯಿತು, ಎಲ್ಲಿಂದ ತರುವುದು? ರವಿವಾರ, ಕಟ್ಟಿಗೆ ಅಡ್ಡೆ ಬಂದ್. ತೆಗೆದಿದ್ದರೂ ಈ ಮಳೆಯಲ್ಲಿ ನೆನೆದ ಕಟ್ಟಿಗೆಯೇ ಸಿಗುವುದು. ಇವತ್ತು ಬಿಗಿಯಾಗಿ ಕೂರುತ್ತದೆ, ತಿಂಗಳಿಗೆ ಒಣಗಿ ಸಡಿಲಾಗಿ ಜಾರುತ್ತದೆ, ಮೇಲೆ ಕೂಸು ಇರುತ್ತದೆ. ವರ್ಷಗಟ್ಟಲೆ ಒಣಗಿದ, ನೇರ ನಾರಿನ, ಗಟ್ಟಿ ದುಂಡನೆ ಕಟ್ಟಿಗೆ ಬೇಕು, ಎರಡು ಗೇಣಿಗೆ ನಾಲ್ಕು ಬೆರಳು ಕಡಿಮೆ ಉದ್ದದ್ದು. ಮನೆಗೆ ಬಂದು ಮೂಲೆ ಮೂಲೆ ಹುಡುಕಿದೆ. ಒಂದು ಗಿಡ್ಡ, ಒಂದು ಸೀಳು, ಒಂದು ಗಂಟು.

ಮೆಹರುನ್ನಿಸಾ ಚಪಾತಿ ಲಟ್ಟಿಸುತ್ತಿದ್ದಳು. ನಾನು ಅವಳ ಕೈ ನೋಡುತ್ತ ನಿಂತುಬಿಟ್ಟೆ.

ಜಾಲಿ ಕಟ್ಟಿಗೆಯ ಲಟ್ಟಣಿಗೆ. ಮದುವೆಯಾದ ವರ್ಷ ನಾನೇ ಮಾಡಿ ಕೊಟ್ಟದ್ದು. ಹೊಸ ಹೆಂಡತಿಗೆ ನನ್ನ ಕೈಗುಣ ತೋರಿಸಬೇಕೆಂದು ಬೇಕಾದ್ದಕ್ಕಿಂತ ಉದ್ದ ಮಾಡಿದ್ದೆ. ಮೂವತ್ತು ವರ್ಷ ಅವಳ ಅಂಗೈಯಲ್ಲಿ ಉರುಳಿ ಕಬ್ಬಿಣದಂತಾಗಿತ್ತು.

"ಏನ ನೋಡಾಕತ್ತೀರಿ?" ಅಂದಳು.

"ಆ ಲಟ್ಟಣಿಗಿ ಕೊಡ."

"ಯಾರ ತಲಿ ಒಡ್ಯಾಕ?"

"ರಂಗಕ್ಕನ ತೊಟ್ಟಲದ್ದ ಅಡ್ಡಗೋಲ ಮುರದೈತಿ."

ಅಡಿಗೆ ಮನೆಯ ಬಾಗಿಲಿನ ಮಾತು ತೆಗೆಯುತ್ತಾಳೆ, ಇವತ್ತು ನನ್ನ ಗ್ರಹಚಾರ ಬಿಡಿಸುತ್ತಾಳೆ ಅಂದುಕೊಂಡಿದ್ದೆ. ಅವಳು ಲಟ್ಟಣಿಗೆಯನ್ನು ತೊಳೆದು, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟಳು. "ಭಾಗ್ಯಾನ ಕೂಸಿಗಲ್ಲ? ಒಯ್ರಿ. ನಾ ಬಾಟಲಿಲೆ ಲಟ್ಟಸ್ತೇನಿ." ನಾನು ಅಂಗಳ ದಾಟುವಾಗ ಹಿಂದಿನಿಂದ, "ಬಾಗಲದ್ದ ಮಾತ ಮರತೇನಿ ಅನಕೋಬ್ಯಾಡ್ರಿ ಮತ್ತ!" ಅಂತ ಕೂಗಿದಳು.

ಎಣ್ಣೆ ಕುಡಿದ ಕಟ್ಟಿಗೆಗೆ ಫೆವಿಕಾಲ್ ಹಿಡಿಯುವುದಿಲ್ಲ. ಹಾಗಾಗಿ ಅಡ್ಡಗೋಲು ಕೂರುವ, ತೊಟ್ಟಿಲಿನ ಎರಡೂ ಕಾಲಿನ ತೂತನ್ನು ಆಚೆಯವರೆಗೂ ಕೊರೆದೆ, ಲಟ್ಟಣಿಗೆಯನ್ನು ಹೊರಗಿನಿಂದ ತೂರಿಸಿದೆ, ಎರಡೂ ತುದಿಯನ್ನು ಸ್ವಲ್ಪ ಸೀಳಿ ಒಣ ಬಿದಿರಿನ ಬೆಣೆ ಹೊಡೆದೆ. ಬೆಣೆ ಇಳಿದಷ್ಟೂ ತುದಿ ಅಗಲವಾಗಿ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಅಂಟು ಬೇಡ, ಒಣಗುವವರೆಗೆ ಕಾಯುವುದೂ ಬೇಡ. ತಟ್ಟಿದೆ. ಠಣ್ ಅಂದಿತು. ಆಹಾ, ಆ ಸಪ್ಪಳ!

ಮೂರು ಗಂಟೆಗೆ ತೊಟ್ಟಿಲನ್ನು ಸರಪಳಿಯಿಂದ ತೊಲೆಗೆ ತೂಗುಹಾಕಿದೆವು. ಇನ್ನು ಉಳಿದದ್ದು ಒಂದೇ, ತೂಗಿ ನೋಡುವುದು. ತೂಗದೇ ಗಟ್ಟಿ ಇದೆ ಅಂತ ಹೇಗೆ ಹೇಳಲಿ? ಆದರೆ ನನ್ನ ಕೈ ಮೇಲೇಳಲಿಲ್ಲ. ಖಾಲಿ ತೊಟ್ಟಿಲಿನ ಮುಂದೆ ಕೈ ಕಟ್ಟಿಕೊಂಡು ಕಳ್ಳನಂತೆ ನಿಂತೆ. ಪಕ್ಕದಲ್ಲಿ ರಂಗಕ್ಕನೂ ನಿಂತಿದ್ದಳು.

"ತಡಿ," ಅಂದಳು. ಹಿತ್ತಲಿಗೆ ಹೋಗಿ ಒಳಕಲ್ಲಿನ ರುಬ್ಬುಗುಂಡನ್ನು ಹೊತ್ತು ತಂದಳು. ಹೆಸರಿಡುವಾಗ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವುದು ಇದನ್ನೇ. ಅರಿಷಿಣ ಕುಂಕುಮ ಹಚ್ಚಿ, ಗುಂಡಪ್ಪ ಅಂತ ಕರೆದು, ಕೂಸಿನಂತೆಯೇ ಮಲಗಿಸುತ್ತಾರೆ. ಅದು ಆಗುವುದು ನಾಳೆ. ರಂಗಕ್ಕ ಇವತ್ತೇ ತಂದಿದ್ದಳು. ಗುಳೇದಗುಡ್ಡದ ಹೊಸ ಖಣದಲ್ಲಿ ಸುತ್ತಿ, ತಲೆ ಯಾವುದು ಕಾಲು ಯಾವುದು ಅಂತ ಒಂದು ಗಳಿಗೆ ಯೋಚಿಸಿ, ನನ್ನ ಲಟ್ಟಣಿಗೆಯ ಮೇಲೆಯೇ ತಲೆ ಬರುವ ಹಾಗೆ ಮಲಗಿಸಿದಳು. ಏನಿಲ್ಲೆಂದರೂ ಆರು ಕಿಲೋ ಕಲ್ಲು! ಈಗಷ್ಟೇ ರಿಪೇರಿಯಾದ ತೊಟ್ಟಿಲಿಗೆ ಕಲ್ಲು ಹೇರುವವರು ಈ ಹೆಂಗಸರಷ್ಟೇ. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ.

"ಈಗ ಖಾಲಿ ಇಲ್ಲ. ತೂಗು," ಅಂದಳು.

ತೂಗಿದೆ. ಮೆಲ್ಲಗೆ, ಆಮೇಲೆ ಜೋರಾಗಿ. ಒಂದು ಸಪ್ಪಳವಿಲ್ಲ. ಗುಂಡಪ್ಪ ರಾಜನಂತೆ ಹೋಗಿ ಬಂದ. ನನ್ನ ಸೊಟ್ಟ ಕೊಕ್ಕಿನ ಗಿಳಿ ಕುಣಿಯಿತು. ನೋಡುತ್ತ ನೋಡುತ್ತ ನನ್ನ ಬಾಯಿಂದ ಹೊರಬಿದ್ದೇಬಿಟ್ಟಿತು.

"ಯಕ್ಕಾ, ಅವತ್ತ ನಾ ಖಾಲಿ ತೂಗಬಾರದಿತ್ತು. ತಪ್ಪಾತು. ಹನ್ನೊಂದ ವರ್ಷಾತು, ಹೇಳಾಕ ಧೈರ್ಯ ಆಗಲಿಲ್ಲ."

ರಂಗಕ್ಕ ಮೊದಲ ಸಲ ನನ್ನ ಮುಖ ನೋಡಿದಳು. ಕಣ್ಣು ತುಂಬಿತ್ತು.

"ನೀ ಎಲ್ಲಿ ತೂಗಿದ್ಯೋ? ನೀ ನಾಕ ಸಲ ತೂಗಿ ಹೋದಿ. ನೀ ಹ್ವಾದ ಮ್ಯಾಲ ನಾ ಒಬ್ಬಾಕಿನ ಕುಂತು ಹೊತ್ತ ಮುಳಗೂತನಕ ತೂಗೇನಿ. ಖುಷಿ ತಡೀಲಿಲ್ಲ. ಜೋಗುಳ ಸೈತ ಹಾಡೇನಿ, ಖಾಲಿ ತೊಟ್ಟಲಕ್ಕ! ಯಾರ ಮುಂದ ಹೇಳ್ಲಿ ಇದನ್ನ? ನಿನ್ನ ಕಂಡ್ರ ಸಾಕು, ಅದ ನೆನಪಾಗತಿತ್ತು. ಅದಕ್ಕ ಮುಖಾ ತಪ್ಪಸಿದೆ."

ಹನ್ನೊಂದು ವರ್ಷ! ನನ್ನದೇ ತಪ್ಪೆಂದು ನಾನು, ತನ್ನದೇ ತಪ್ಪೆಂದು ಅವಳು, ಮೂರು ಓಣಿ ಅಂತರದಲ್ಲಿ.

"ಶ್ಯಾಣ್ಯಾರದೀರಿ ಇಬ್ಬರೂ!" ಒಳಕೋಣೆಯ ಬಾಗಿಲಲ್ಲಿ ಭಾಗ್ಯಾ ನಿಂತಿದ್ದಳು, ಕೂಸು ಹೆಗಲ ಮೇಲೆ. ಮುಖ ಕೆಂಪಾಗಿತ್ತು. "ನನ್ನ ಹೊಟ್ಯಾಗ ಏನ ತೊಂದರಿ ಇತ್ತಂತ ಡಾಕ್ಟರ ಬಿಡಿಸಿ ಹೇಳಿದ್ರು, ಗುಳಿಗಿ ಕೊಟ್ರು, ಈ ಸಲ ಕೂಸ ನಿಂತು. ತೊಟ್ಟಲಾ ಏನ್ ಮಾಡಿತ್ತು? ಹನ್ನೊಂದ ವರ್ಷ ಈ ಸಲುವಾಗಿ ಕಾಕಾನ್ನ ಕರೀಲಿಲ್ಲೇನಬೇ ನೀ? ನಾ ತವರಿಗೆ ಬಂದಾಗೊಮ್ಮೆ ಆ ಹಿತ್ತಲ ಬಾಗಲಾ ಒದ್ದ ಒದ್ದ ನನ್ನ ಕಾಲ ಹೋಗ್ಯಾವು!"

ಅದೇ ಹೊತ್ತಿಗೆ ಆ ಮನೆಯ ಅವಸ್ಥೆ ಮತ್ತೆ ನನ್ನ ಕಣ್ಣಿಗೆ ಬಿತ್ತು. ಸುತಳಿ, ಇಟ್ಟಂಗಿಯ ಚೂರು, ನಾಲಿಗೆ ಚಾಚಿದ ಸ್ಕ್ರೂ.

"ಅಲ್ಲ ಯಕ್ಕಾ, ನನ್ನ ಕರೀದಿದ್ರ ಹೋಗ್ಲಿ. ಊರಾಗ ಬ್ಯಾರೆ ಬಡಿಗ್ಯಾರ ಸತ್ತಿದ್ರೇನು? ಹಿಂಗ್ಯಾಕ ಇಟ್ಟಿ ಮನೀನ?"

ರಂಗಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬ್ಯಾರೇದವ್ರನ್ನ ಕರದ್ರ, ನೀ ಬರೂದ ಖಾಯಂ ನಿಂತ ಹೋಗತಿತ್ತಲ್ಲೋ."

ನಾನು ಬಗ್ಗಿ ಉಳಿ, ಸುತ್ತಿಗೆ ಚೀಲಕ್ಕೆ ತುಂಬತೊಡಗಿದೆ. ತುಂಬುವಂಥದ್ದು ಏನೂ ಉಳಿದಿರಲಿಲ್ಲ, ಆದರೂ ಬಹಳ ಹೊತ್ತು ತುಂಬಿದೆ.

ಸೋಮವಾರ ಮನೆ ತುಂಬ ಹೆಂಗಸರು. ಕೆರೂರಿನ ಬೀಗಿತ್ತಿ ಬಂದವಳೇ ತೊಟ್ಟಿಲ ಸರಪಳಿ ಎಳೆದು ನೋಡಿದಳು, ಕೀಲು ಒತ್ತಿ ನೋಡಿದಳು, ಏನೂ ಅನ್ನದೆ ಹೋಗಿ ಕೂತಳು. ಮೊದಲು ಗುಂಡಪ್ಪ ಮಲಗಿ ಎದ್ದ. ಆಮೇಲೆ ಕೂಸನ್ನು ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಟ್ಟರು, ಮೇಲಿನಿಂದ ಒಬ್ಬರು ಇಸಿದುಕೊಂಡರು, ಮಲಗಿಸಿದರು. ನಾನು ಗಂಡಸರ ಜೊತೆ ಹೊರಗಿನ ಕಟ್ಟೆಯ ಮೇಲಿದ್ದೆ, ಕಿವಿಯೆಲ್ಲ ಒಳಗೆ. ರಂಗಕ್ಕನ ದನಿ ಕೇಳಿತು.

"ಮೆಹರುನ್ನಿಸಾ, ಎಲ್ಲಿ ಮೂಲ್ಯಾಗ ಕುಂತಿ? ಬಾ ಇಲ್ಲೆ. ಕೂಸು ನಿನ್ನ ಲಟ್ಟಣಿಗಿ ಮ್ಯಾಲ ಮಲಗೇತಿ. ಮೊದಲ ನೀ ತೂಗು."

ಹೆಂಗಸರ ನಗೆ. ಆಮೇಲೆ ಜೋಗುಳ. ನಾನು ಕೇಳುತ್ತಿದ್ದದ್ದು ಜೋಗುಳವನ್ನಲ್ಲ, ಕೀಲುಗಳನ್ನು. ಒಂದೂ ಬಾಯಿ ಬಿಡಲಿಲ್ಲ.

ಊಟ ಮುಗಿಸಿ ಹೊರಟಾಗ ರಂಗಕ್ಕ ಬಾಗಿಲವರೆಗೆ ಬಂದಳು. "ಈ ತಲಬಾಗಲಾ ಕೆತ್ತತೀ ಏನು?"

"ಮಳಿಗಾಲದಾಗ ಬಾಗಲಾ ಕೆತ್ತಬಾರದು, ಎಷ್ಟ ಸಲ ಹೇಳಬೇಕ ನಿಮಗೆಲ್ಲಾ? ಸ್ಕ್ರೂ ಬಿಗಿ ಮಾಡ್ತೇನಿ. ಸ್ಟೂಲ್ ನೋಡ್ತೇನಿ, ಖಾನಿ ನೋಡ್ತೇನಿ. ಹಿತ್ತಲದ್ದು ಮೊದಲ."

"ಯಾವಾಗ ಬರ್ತಿ?"

"ನಾಳೆ," ಅಂದೆ.

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮೆಹರುನ್ನಿಸಾ ಎಲ್ಲರಿಗಿಂತ ಜೋರಾಗಿ ನಕ್ಕಳು. ರಂಗಕ್ಕ ಮಾತ್ರ ನಗದೆ, "ದಾರಿ ನೋಡ್ತೇನಿ," ಅಂದಳು.

ಮರುದಿನ ಏಳು ಹೊಡೆಯುವ ಮೊದಲೇ ನಾನು ಅವಳ ಹಿತ್ತಲ ಬಾಗಿಲಿನ ಸುತಳಿ ಬಿಚ್ಚುತ್ತಿದ್ದೆ.